ಸಹಿ ಹಾಕಿದವರು ಕಂಬದ ಬಳಿ ಬಂದಿದ್ದರೇ?

ಹೊಸ ಮನೆಗೆ ಕರೆಂಟ್ ಬರುವ ಮೊದಲು ಎಸ್ಕಾಂ ಕಚೇರಿಗೆ ಒಂದು ಕಾಗದ ಹೋಗುತ್ತದೆ. ವೈರಿಂಗ್ ಮುಗಿದಿದೆ, ಪರೀಕ್ಷೆ ಆಗಿದೆ, ಅರ್ಥಿಂಗ್ ಸರಿಯಿದೆ ಎಂದು ಲೈಸೆನ್ಸ್ ಪಡೆದ ಗುತ್ತಿಗೆದಾರರು ಬರೆದುಕೊಡುವ ಪೂರ್ಣತಾ ವರದಿ ಅದು. ಆ ಹೊತ್ತಿಗೆ ಗೃಹಪ್ರವೇಶದ ದಿನ ಹತ್ತಿರ ಬಂದಿರುತ್ತದೆ, ಟೈಲ್ಸ್‌ನವರು ಒಂದು ಕಡೆ, ಪೇಂಟಿನವರು ಇನ್ನೊಂದು ಕಡೆ. ಆ ಗಡಿಬಿಡಿಯಲ್ಲಿ ಅದನ್ನು ಓದುವ ಮಾಲೀಕರು ತೀರಾ ಕಡಿಮೆ. ಗೋಡೆ ಕೊರೆದು ಪೈಪ್ ಕೂರಿಸಿ ವೈರ್ ಎಳೆದವನು ಒಬ್ಬ, ಕಾಗದಕ್ಕೆ ಸಹಿ ಹಾಕಿದವರು ಇನ್ನೊಬ್ಬರು. ಎಷ್ಟೋ ಮನೆಗಳ ಮಟ್ಟಿಗೆ, ಸಹಿ ಹಾಕಿದವರು ಆ ಮನೆಯ ಹೊಸ್ತಿಲನ್ನೂ ದಾಟಿರುವುದಿಲ್ಲ. ಸಹಿಗೆ ಇಷ್ಟು ಎಂದು ದುಡ್ಡು ಕೊಟ್ಟರೆ ಸಾಕು, ವರದಿ ಕೈಸೇರುತ್ತದೆ. ಇದು ಊರಿಗೆಲ್ಲ ಗೊತ್ತಿರುವ ವಿಷಯ. ಎಲ್ಲರೂ ಇದನ್ನು ಬರೀ ಕಾಗದದ ಕೆಲಸ ಎಂದುಕೊಂಡಿದ್ದೇವೆ.

ಅದು ಕಾಗದದ ಕೆಲಸವಲ್ಲ. ವಿದ್ಯುತ್ ಸುರಕ್ಷತೆಯ ನಿಯಮಗಳನ್ನು ಬಿಡುವು ಮಾಡಿಕೊಂಡು ಓದಿದರೆ ಎದ್ದು ಕಾಣುವುದು ಯಂತ್ರಗಳಲ್ಲ, ಮನುಷ್ಯರು. ಲೈನ್ ಆಫ್ ಮಾಡಿದವರು ಯಾರು, ಆಫ್ ಆಗಿದೆಯೆಂದು ಪರೀಕ್ಷಿಸಿದವರು ಯಾರು, ಅರ್ಥ್ ಮಾಡಿದವರು ಯಾರು, ಕೆಲಸ ಮುಗಿಯಿತೆಂದು ಹೇಳಿದವರು ಯಾರು ಎಂಬ ಪ್ರಶ್ನೆಗಳೇ ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಪ್ರತಿ ಹೆಜ್ಜೆಗೂ ಹೆಸರಿರುವ ಒಬ್ಬರು ಬೇಕು, ಅವರು ಅದನ್ನು ಕಣ್ಣಾರೆ ಕಂಡಿರಬೇಕು. ನಮ್ಮಲ್ಲಿ ಹೋಗುತ್ತಿರುವ ಜೀವಗಳಲ್ಲಿ ಬಹಳಷ್ಟು ಹೋಗುತ್ತಿರುವುದು ನೋಡಬೇಕಾದವರು ನೋಡದೆ ಸಹಿ ಹಾಕಿದ್ದರಿಂದ, ಇಲ್ಲವೇ ಸಹಿಯ ಗೊಡವೆಯೇ ಬೇಡವೆಂದು ಫೋನಿನಲ್ಲಿ ಕೆಲಸ ಮುಗಿಸಿದ್ದರಿಂದ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಗಳನ್ನು ತೆರೆದರೆ, ದೇಶದಲ್ಲಿ ವಿದ್ಯುತ್ ಆಘಾತದಿಂದ ಸಾಯುವವರ ಸಂಖ್ಯೆ ಈಚಿನ ವರ್ಷಗಳಲ್ಲಿ ಪ್ರತಿ ವರ್ಷವೂ ಹತ್ತು ಸಾವಿರ ದಾಟಿರುವುದು ಕಾಣುತ್ತದೆ.

ಕರೆಂಟ್ ನಮಗೆ ಹೊಸದೇನಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ. ದೇಶದಲ್ಲಿ ಒಂದು ವಿದ್ಯುತ್ ಕಾಯ್ದೆ ಬಂದದ್ದು ಇವೆರಡರ ನಡುವೆ, 1903ರಲ್ಲಿ. ಆಮೇಲೆ 1910ರ ಕಾಯ್ದೆ, 1956ರ ನಿಯಮಗಳು, ಈಗ ಜಾರಿಯಲ್ಲಿರುವ 2003ರ ವಿದ್ಯುಚ್ಛಕ್ತಿ ಕಾಯ್ದೆ. ಆ ಕಾಯ್ದೆಯ 53ನೇ ಪ್ರಕರಣ ಸುರಕ್ಷತೆಯ ನಿಯಮಗಳನ್ನು ಬರೆಯುವ ಅಧಿಕಾರವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರಕ್ಕೆ ಕೊಟ್ಟಿತು. ಪ್ರಾಧಿಕಾರ 2010ರಲ್ಲಿ ಒಂದು ನಿಯಮಾವಳಿ ತಂದು, 2023ರಲ್ಲಿ ಅದನ್ನು ಪರಿಷ್ಕರಿಸಿತು. ಕರ್ನಾಟಕದಲ್ಲಿ ಇದರ ಪಾಲನೆಯನ್ನು ನೋಡಿಕೊಳ್ಳುವುದು ಇಂಧನ ಇಲಾಖೆಯಡಿ ಇರುವ ವಿದ್ಯುತ್ ಪರಿವೀಕ್ಷಣಾಲಯ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂಗಳ ಹೆಸರು ಗೊತ್ತಿರುವಷ್ಟು ಈ ಇಲಾಖೆಯ ಹೆಸರು ಜನರಿಗೆ ಗೊತ್ತಿಲ್ಲ. ಆದರೆ ಗುತ್ತಿಗೆದಾರರ ಲೈಸೆನ್ಸ್, ಮೇಲ್ವಿಚಾರಕರ ಪರ್ಮಿಟ್, ವೈರ್‌ಮನ್ ಪರ್ಮಿಟ್, ಅಪಘಾತಗಳ ತನಿಖೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

ಯಾರು ಕೈಹಾಕಬಹುದು?

ಇದರ ಬಗ್ಗೆ ನಿಯಮದಲ್ಲಿ ಗೊಂದಲವಿಲ್ಲ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಹೋದರೆ ಅದೇ ಬಗೆಯದನ್ನು ಬದಲಾಯಿಸುವುದಕ್ಕೆ ಯಾರ ಅನುಮತಿಯೂ ಬೇಡ. ಅದನ್ನು ಮೀರಿದ್ದು, ಅಂದರೆ ಹೊಸ ವೈರಿಂಗ್, ಇದ್ದ ವೈರಿಂಗಿನ ವಿಸ್ತರಣೆ, ಮಾರ್ಪಾಟು, ದುರಸ್ತಿ ಯಾವುದೇ ಆಗಲಿ, ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ ಆಗಬೇಕು. ಅರ್ಹತಾ ಪತ್ರ ಪಡೆದ ಮೇಲ್ವಿಚಾರಕರ ನೇರ ಉಸ್ತುವಾರಿಯಲ್ಲಿ ನಡೆಯಬೇಕು. ಕೈಯಾರೆ ಕೆಲಸ ಮಾಡುವವನ ಬಳಿ ಪರ್ಮಿಟ್ ಇರಬೇಕು. ಹೀಗೆ ಒಂದು ಕೆಲಸಕ್ಕೆ ಮೂರು ಜನ, ಮೂರು ಹೊಣೆ. ನೇರ ಉಸ್ತುವಾರಿ ಎಂದರೆ ಕೆಲಸದ ಜಾಗದಲ್ಲಿ ನಿಂತು ನೋಡಿಕೊಳ್ಳುವುದು. ಮೊಬೈಲಿನಲ್ಲಿ ಫೋಟೊ ತರಿಸಿಕೊಂಡು ನೋಡುವುದು ಅದಕ್ಕೆ ಸಾಟಿಯಾಗುವುದಿಲ್ಲ.

ಪೂರ್ಣತಾ ವರದಿಯ ಒಳಗಿನ ಅಂಕಿಗಳಿಗೂ ಅರ್ಥವಿದೆ. ಮೆಗ್ಗರ್‌ನಿಂದ 500 ವೋಲ್ಟ್ ಕೊಟ್ಟು ಒಂದು ನಿಮಿಷ ನೋಡಿದಾಗ, ವೈರಿಗೂ ಭೂಮಿಗೂ ನಡುವಿನ ಇನ್ಸುಲೇಷನ್ ಪ್ರತಿರೋಧ ಕನಿಷ್ಠ 1 ಮೆಗಾಓಮ್ ಇರಬೇಕು. ಪೈಪಿನೊಳಗೆ ವೈರ್ ಎಳೆಯುವಾಗ ಸಿಪ್ಪೆ ಕಿತ್ತಿದ್ದರೆ, ಗೋಡೆ ಕ್ಯೂರಿಂಗಿನ ನೀರು ಜಂಕ್ಷನ್ ಬಾಕ್ಸಿಗೆ ಇಳಿದಿದ್ದರೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಪರೀಕ್ಷೆ ಮಾಡದೆ ಕಳೆದ ಸಲದ ಅಂಕಿಯನ್ನೇ ಈ ಸಲವೂ ಬರೆದರೆ, ಅದೇ ದೋಷ ಎರಡು ಮಳೆಗಾಲ ಕಳೆದ ಮೇಲೆ ಬಚ್ಚಲಿನ ನಲ್ಲಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಸಹಿ ಹಾಕಿದವರನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ.

ಗುತ್ತಿಗೆದಾರರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಪರ್ಮಿಟ್ ಇರುವ ವೈರ್‌ಮನ್‌ಗಳು ಸಾಕಷ್ಟು ಸಿಗುವುದಿಲ್ಲ. ಐಟಿಐ ಮುಗಿಸಿದ ಹುಡುಗರು ಕಾರ್ಖಾನೆಗಳ ಕಡೆ ಹೋಗುತ್ತಾರೆ. ಚದರಕ್ಕೆ ಇಷ್ಟು ಎಂದು ದರ ಮಾತಾಡಿಕೊಂಡ ಮನೆ ಕೆಲಸದಲ್ಲಿ ಮೆಗ್ಗರ್ ಹಿಡಿದು ಅರ್ಧ ದಿನ ಕಳೆದರೆ ಅದರ ಕೂಲಿ ಕೊಡುವವರಿಲ್ಲ. ಇದಕ್ಕೆ ಪರಿಹಾರ ಪರ್ಮಿಟ್ ಪರೀಕ್ಷೆಗಳನ್ನು ತಾಲ್ಲೂಕು ಮಟ್ಟಕ್ಕೆ ತಂದು, ವರ್ಷಗಟ್ಟಲೆ ಕೈಕೆಲಸ ಮಾಡಿ ಕಲಿತವರನ್ನು ತರಬೇತಿ ಕೊಟ್ಟು ಒಳಗೆ ಸೇರಿಸಿಕೊಳ್ಳುವುದು. ಸಹಿಯನ್ನು ಬಾಡಿಗೆಗೆ ಬಿಡುವುದು ಪರಿಹಾರವಾಗಲಾರದು.

ಎಲ್‌ಸಿ ಎಂಬ ಎರಡಕ್ಷರ

ಲೈನ್ ಮೇಲೆ ಕೆಲಸ ಮಾಡುವವರ ಬಾಯಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಮಾತು ಎಲ್‌ಸಿ. ಲೈನ್ ಕ್ಲಿಯರ್ ಎಂಬುದರ ಚಿಕ್ಕ ರೂಪ. ‘ಎಲ್‌ಸಿ ಸಿಕ್ತಾ?’, ‘ಎಲ್‌ಸಿ ವಾಪಸ್ ಕೊಟ್ರಾ?’ ಎಂಬ ಮಾತುಗಳ ನಡುವೆಯೇ ಪವರ್‌ಮನ್‌ಗಳ ದಿನ ಕಳೆಯುತ್ತದೆ. ಹೊರಗಿನವರಿಗೆ ಇದು ಲೈನ್ ಆಫ್ ಮಾಡಿಸುವುದಷ್ಟೇ. ಒಳಗೆ ಹೋಗಿ ನೋಡಿದರೆ, ಒಬ್ಬನ ಜೀವವನ್ನು ಇನ್ನೊಬ್ಬನ ಕೈಗೆ ಲೆಕ್ಕ ಬರೆದು ಒಪ್ಪಿಸುವ ಕ್ರಮ ಇದು.

11 ಕೆವಿ ಫೀಡರ್‌ನಲ್ಲಿ ಜಂಪ್ (ಎರಡು ತಂತಿಗಳನ್ನು ಜೋಡಿಸುವ ತುಂಡು) ಕಟ್ಟಾಗಿದೆ ಎಂದಿಟ್ಟುಕೊಳ್ಳಿ. ತಂಡದ ಹೊಣೆ ಹೊತ್ತವರು ಸಬ್‌ಸ್ಟೇಷನ್ನಿನ ಆಪರೇಟರ್ ಬಳಿ ಫೀಡರ್‌ನ ಹೆಸರು ಹೇಳಿ ಎಲ್‌ಸಿ ಕೇಳುತ್ತಾರೆ. ಆಪರೇಟರ್ ಬ್ರೇಕರ್ ತೆಗೆಯುತ್ತಾರೆ. ಇಷ್ಟಕ್ಕೇ ಲೈನ್ ಸತ್ತಿತು ಎನ್ನುವ ಹಾಗಿಲ್ಲ, ಏಕೆಂದರೆ ಬ್ರೇಕರ್‌ನ ಸಂಪರ್ಕಗಳು ಮುಚ್ಚಿದ ಪೆಟ್ಟಿಗೆಯೊಳಗಿರುತ್ತವೆ. ಮೂರರಲ್ಲಿ ಒಂದು ಅಂಟಿಕೊಂಡಿದ್ದರೂ ಹೊರಗೆ ಕಾಣುವುದಿಲ್ಲ. ಅದಕ್ಕಾಗಿ ಐಸೊಲೇಟರ್ ತೆರೆಯಬೇಕು. ಅದರ ಮೂರು ಬ್ಲೇಡುಗಳೂ ಬಿಡಿಸಿಕೊಂಡು ನಡುವೆ ಗಾಳಿ ಬಿಟ್ಟಿರುವುದನ್ನು ಕಣ್ಣಿನಿಂದ ನೋಡಬಹುದು. ನೋಡಿದ ಮೇಲೆ ಅರ್ಥ್ ಸ್ವಿಚ್ ಹಾಕಿ, ಬೀಗ ಜಡಿದು, ಜನ ಕೆಲಸ ಮಾಡುತ್ತಿದ್ದಾರೆ ಎಂಬ ಫಲಕ ತೂಗುಹಾಕಿ, ಪುಸ್ತಕದಲ್ಲಿ ಎಲ್‌ಸಿ ನಂಬರು, ಹೊತ್ತು, ಪಡೆದವರ ಹೆಸರು ಬರೆಯಬೇಕು.

ಇನ್ನು ಕಂಬದ ಬುಡಕ್ಕೆ ಬರೋಣ. ಎಲ್‌ಸಿ ಕೊಟ್ಟ ಫೀಡರ್‌ನದೇ ಕಂಬವೇ ಇದು ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಒಂದೇ ಕಂಬದಲ್ಲಿ ಎರಡು ಫೀಡರ್ ಹಾದುಹೋಗುವ ಜಾಗಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದು ಆಫ್ ಆಗಿ ಇನ್ನೊಂದು ಜೀವಂತವಾಗಿರುವ ಕಂಬದಷ್ಟು ಅಪಾಯದ ಜಾಗ ಇನ್ನೊಂದಿಲ್ಲ. ಆಮೇಲೆ ವೋಲ್ಟೇಜ್ ಡಿಟೆಕ್ಟರ್‌ನಿಂದ ಪರೀಕ್ಷೆ. ಅದು ಆದ ಮೇಲೆ ಕೆಲಸದ ಜಾಗದ ಎರಡೂ ಬದಿಗೆ ಡಿಸ್ಚಾರ್ಜ್ ರಾಡ್ ಹಾಕಿ ಲೈನನ್ನು ಭೂಮಿಗೆ ಜೋಡಿಸುವುದು. ಇಷ್ಟೆಲ್ಲ ಆದ ಮೇಲೆಯೇ ಕಂಬಕ್ಕೆ ಕಾಲಿಡಬೇಕು.

ಸಬ್‌ಸ್ಟೇಷನ್ನಿನಲ್ಲಿ ಅರ್ಥ್ ಮಾಡಿಯಾಗಿದೆಯಲ್ಲ, ಕಂಬದ ಎರಡು ಬದಿಗೂ ಮತ್ತೆ ಯಾಕೆ? ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಕೇಳುವ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆ. ಕರೆಂಟ್ ಸಬ್‌ಸ್ಟೇಷನ್ನಿನ ಕಡೆಯಿಂದಲೇ ಬರಬೇಕೆಂದೇನಿಲ್ಲ. ಲೈನ್ ಹೋದ ಕೂಡಲೇ ಊರೊಳಗಿನ ಕಲ್ಯಾಣಮಂಟಪದಲ್ಲೋ ಹಿಟ್ಟಿನ ಗಿರಣಿಯಲ್ಲೋ ಜನರೇಟರ್ ಚಾಲೂ ಆಗುತ್ತದೆ. ಅಲ್ಲಿ ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ಆ ಕರೆಂಟ್ ಸರ್ವಿಸ್ ವೈರಿನಿಂದ ಹಿಂದಕ್ಕೆ ಹರಿದು ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಹೋಗುತ್ತದೆ. 11,000 ವೋಲ್ಟನ್ನು 415ಕ್ಕೆ ಇಳಿಸುವ ಅದೇ ಟ್ರಾನ್ಸ್‌ಫಾರ್ಮರ್, ತಿರುಗಿ ಬಂದ ಕರೆಂಟನ್ನು ಮತ್ತೆ 11,000ಕ್ಕೆ ಏರಿಸುತ್ತದೆ. ಕಂಬದ ಮೇಲೆ ಬರಿಗೈಯಲ್ಲಿ ಜಂಪ್ ಕಟ್ಟುತ್ತಿರುವವನಿಗೆ ಗಿರಣಿಯ ಜನರೇಟರ್ ಕಾಣುವುದಿಲ್ಲ. ಎರಡೂ ಬದಿಗೆ ಅರ್ಥ್ ಆಗಿದ್ದರೆ ಕರೆಂಟ್ ಅವನ ಮೈಯನ್ನು ಬಿಟ್ಟು ನೆಲಕ್ಕೆ ಇಳಿಯುತ್ತದೆ. ದೂರದಲ್ಲೆಲ್ಲೋ ಪಕ್ಕದ ಲೈನಿನ ತಂತಿ ಹರಿದು ಇದರ ಮೇಲೆ ಬಿದ್ದರೂ, ಸಮಾನಾಂತರವಾಗಿ ಹೋಗುವ ದೊಡ್ಡ ಲೈನಿನ ಪ್ರಭಾವದಿಂದ ವೋಲ್ಟೇಜ್ ಹುಟ್ಟಿದರೂ ಇದೇ ರಾಡ್ ಕಾಯುತ್ತದೆ. ಮನೆಗಳ ಮೇಲೆ ಸೋಲಾರ್ ಹೆಚ್ಚುತ್ತಿರುವ ಕಾಲ ಇದು. ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್‌ಗಳು ಲೈನ್ ಹೋದೊಡನೆ ತಾವೇ ನಿಲ್ಲುವಂತೆ ಮಾಡಿರಬೇಕು. ಆದರೂ ಅದನ್ನು ನಂಬಿ ಕಂಬ ಹತ್ತುವಂತಿಲ್ಲ.

ಕೆಲಸ ಮುಗಿದ ಮೇಲಿನ ಕ್ರಮವೂ ಇಷ್ಟೇ ಕಟ್ಟುನಿಟ್ಟಿನದು. ಸಾಮಾನು ಕೆಳಗಿಳಿಸಿ, ತಲೆ ಎಣಿಸಿ, ರಾಡ್ ತೆಗೆದು, ಎಲ್‌ಸಿ ತೆಗೆದುಕೊಂಡವರೇ ವಾಪಸ್ ಕೊಡಬೇಕು. ಒಂದೇ ಫೀಡರ್ ಮೇಲೆ ಎರಡು ತಂಡ ಕೆಲಸ ಮಾಡುತ್ತಿದ್ದರೆ ಎರಡು ಎಲ್‌ಸಿ ಇರಬೇಕು, ಎರಡೂ ವಾಪಸ್ ಬರುವ ತನಕ ಬೀಗ ತೆಗೆಯಬಾರದು.

ಆದರೆ ಎಷ್ಟೋ ಕಡೆ ನಡೆಯುವುದು ಹೀಗೆ: ‘ಅಣ್ಣಾ, ಐದೇ ನಿಮಿಷ ಲೈನ್ ತೆಗೀರಿ, ಒಂದು ಜಂಪ್ ಹಾಕ್ಬಿಡ್ತೀನಿ.’ ಆಪರೇಟರ್ ತೆಗೆಯುತ್ತಾರೆ. ಪುಸ್ತಕದಲ್ಲಿ ಏನೂ ಇಲ್ಲ, ಬೀಗವಿಲ್ಲ, ಫಲಕವಿಲ್ಲ. ಅಷ್ಟರಲ್ಲಿ ಪಾಳಿ ಬದಲಾಗುತ್ತದೆ. ಇಲ್ಲವೇ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕೊಡುವ ಹೊತ್ತು ಬರುತ್ತದೆ. ಇಲ್ಲವೇ ಊರಿನವರು ಫೋನ್ ಮೇಲೆ ಫೋನ್ ಮಾಡಿ, ಕರೆಂಟ್ ಯಾವಾಗ ಬಿಡ್ತೀರಿ ಎಂದು ಜಗ್ಗಾಡುತ್ತಾರೆ. ಈ ಕೊನೆಯದರಲ್ಲಿ ನಮ್ಮ ಪಾಲೂ ಇದೆ. ಮಳೆ ಗಾಳಿಗೆ ಕರೆಂಟ್ ಹೋದ ರಾತ್ರಿ 1912ಕ್ಕೆ ಕರೆ ಮಾಡಿ ದೂರು ದಾಖಲಿಸುವುದು ಸರಿ. ಲೈನ್‌ಮನ್ನಿನ ಸ್ವಂತ ನಂಬರಿಗೆ ಹತ್ತು ಜನ ಹತ್ತು ಸಲ ಕರೆ ಮಾಡಿ ಬೈದರೆ, ಅವನು ಬಿಡುವ ಮೊದಲ ಹೆಜ್ಜೆ ಅರ್ಥಿಂಗ್ ರಾಡೇ ಆಗಿರುತ್ತದೆ.

ಹಳ್ಳಿಗಳಲ್ಲಿ ಇನ್ನೊಂದು ಸಂಕಟವಿದೆ. ಟಿಸಿಯ ಫ್ಯೂಸ್ ಹೋದರೆ ರೈತರೇ ಜಿಒಎಸ್ (ಮೂರೂ ಫೇಸನ್ನು ಒಟ್ಟಿಗೆ ತೆರೆಯುವ ಸ್ವಿಚ್) ಹಿಡಿಕೆ ಎಳೆದು ಫ್ಯೂಸ್ ಕಟ್ಟಲು ಹೋಗುತ್ತಾರೆ. ಬೆಳೆ ಒಣಗುತ್ತಿರುತ್ತದೆ, ಲೈನ್‌ಮನ್ ಬರುವುದು ತಡವಾಗುತ್ತದೆ. ಅವರ ಅವಸರ ಸುಳ್ಳಲ್ಲ. ಆದರೆ ತುಕ್ಕು ಹಿಡಿದ ಜಿಒಎಸ್‌ನ ಮೂರು ಬ್ಲೇಡುಗಳಲ್ಲಿ ಎರಡು ಮಾತ್ರ ತೆರೆದು ಒಂದು ಹಾಗೇ ಉಳಿಯುವುದುಂಟು. ಕೆಳಗೆ ಹಿಡಿಕೆ ಪೂರ್ತಿ ಇಳಿದಿರುತ್ತದೆ, ಮೇಲೆ ಒಂದು ಫೇಸ್ ಜೀವಂತವಾಗಿರುತ್ತದೆ. ಟಿಸಿ ಹತ್ತುವ ಅಧಿಕಾರ ನಿಯಮದ ಪ್ರಕಾರ ನೇಮಿತ ಸಿಬ್ಬಂದಿಗೆ ಮಾತ್ರ ಇರುವುದು ಇದೇ ಕಾರಣಕ್ಕೆ.

ಕೈಗವಸಿನ ಲೆಕ್ಕ

ಲೈನ್ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಕೈಗವಸು, ರಬ್ಬರ್ ಶೂ, ಸೇಫ್ಟಿ ಬೆಲ್ಟ್, ಏಣಿ, ಅರ್ಥಿಂಗ್ ಸಾಧನ, ಹೆಲ್ಮೆಟ್, ಲೈನ್ ಟೆಸ್ಟರ್ ಕೊಡಬೇಕು ಎಂದು ನಿಯಮಾವಳಿ ಒಂದೊಂದನ್ನೂ ಹೆಸರಿಸುತ್ತದೆ. ಕೊಟ್ಟರೆ ಸಾಲದು, ಅವು ಸುಸ್ಥಿತಿಯಲ್ಲಿರಬೇಕು ಎಂದೂ ಸೇರಿಸುತ್ತದೆ. ಜೀವಂತ ಲೈನ್ ಮೇಲೆ ಅಧಿಕಾರ ಪಡೆಯದವರು ಕೆಲಸ ಮಾಡಕೂಡದು, ಅಲ್ಲಿ ಕೆಲಸ ಮಾಡುವವರಿಗೆ ಸಹಾಯಕ್ಕೂ ನಿಲ್ಲಕೂಡದು.

ಕೈಗವಸು ಎಂದರೆ ಎಲ್ಲವೂ ಒಂದೇ ಅಲ್ಲ. ರಬ್ಬರ್ ಕೈಗವಸುಗಳಿಗೆ ದರ್ಜೆಗಳಿವೆ. 0 ದರ್ಜೆಯದು 1,000 ವೋಲ್ಟ್‌ವರೆಗೆ ಮಾತ್ರ. 1ನೇ ದರ್ಜೆಯದು 7,500 ವೋಲ್ಟ್‌ಗೆ, 2ನೇ ದರ್ಜೆಯದು 17,000ಕ್ಕೆ. ಮನೆ ಲೈನಿಗೆಂದು ಕೊಟ್ಟ ಕೈಗವಸು ತೊಟ್ಟು 11 ಕೆವಿ ಮುಟ್ಟಿದರೆ ಅದು ಇದ್ದೂ ಇಲ್ಲದಂತೆ. ತೊಡುವ ಮೊದಲು ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತಿ ಒಳಗೆ ಗಾಳಿ ಹಿಡಿದು ಒತ್ತಿ ನೋಡಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಸೋರುತ್ತದೆ. ತಂತಿಯ ಮೊನೆ ತಾಗಿ ರಬ್ಬರ್ ಹರಿಯದಂತೆ ಮೇಲೆ ಚರ್ಮದ ಕೈಗವಸು ಹಾಕಿಕೊಳ್ಳಬೇಕು. ಬೈಕಿನ ಡಿಕ್ಕಿಯಲ್ಲಿ ಕಟಿಂಗ್ ಪ್ಲೇಯರ್ ಜೊತೆ ಮಡಚಿಟ್ಟ ಕೈಗವಸು ಕೆಡಲು ಬೇಸಿಗೆಯ ಬಿಸಿಲೊಂದೇ ಸಾಕು.

ಇವೆಲ್ಲ ಕಾಯಂ ನೌಕರರಿಗೆ ಹೇಗೋ ತಲುಪುತ್ತವೆ. ತಲುಪದಿರುವುದು ಗುತ್ತಿಗೆಯ ಕೆಳಗಿನ ಮೆಟ್ಟಿಲಿಗೆ. ದೊಡ್ಡ ಗುತ್ತಿಗೆದಾರರು ಟೆಂಡರ್ ಹಿಡಿದು, ಕೆಲಸವನ್ನು ಉಪಗುತ್ತಿಗೆಗೆ ಕೊಟ್ಟು, ಅವರು ಮೇಸ್ತ್ರಿಗೆ ಒಪ್ಪಿಸಿ, ಮೇಸ್ತ್ರಿ ದಿನಗೂಲಿಗೆ ಹುಡುಗರನ್ನು ಕರೆತರುವ ಹೊತ್ತಿಗೆ ಸುರಕ್ಷತೆಯ ಬಾಬ್ತು ಕರಗಿಹೋಗಿರುತ್ತದೆ. ಕಂಬ ನೆಡುವವರು, ತಂತಿ ಎಳೆಯುವವರು, ಇಂಟರ್ನೆಟ್ ಕೇಬಲ್ ಕಟ್ಟಲು ಏಣಿ ಹಾಕುವವರು ಇವರೇ. ಎಷ್ಟೋ ಸಲ ಇವರು ಬೇರೆ ಜಿಲ್ಲೆ, ಬೇರೆ ರಾಜ್ಯದವರು. ಫಲಕದ ಕನ್ನಡ ಓದಲು ಬಾರದು, ಆಪರೇಟರ್ ಹೇಳಿದ್ದು ಅರ್ಥವಾಗದು. ಟೆಂಡರ್‌ನಲ್ಲಿ ಕಡಿಮೆ ಬೆಲೆ ಕೂಗಿದವರಿಗೆ ಕೆಲಸ ಎಂಬ ಪದ್ಧತಿ ಇರುವ ತನಕ, ಸುರಕ್ಷತಾ ಸಾಮಗ್ರಿಯ ಮೊತ್ತವನ್ನು ಪೈಪೋಟಿಯಿಂದ ಹೊರಗಿಟ್ಟು ಬೇರೆ ಸಾಲಿನಲ್ಲಿ ತೋರಿಸಿ, ಕೊಟ್ಟದ್ದನ್ನು ನೋಡಿದ ಮೇಲೆಯೇ ಬಿಲ್ ಮಾಡಬೇಕು. ನನ್ನ ಮಟ್ಟಿಗೆ ಈ ಒಂದು ಬದಲಾವಣೆ ಹತ್ತು ಸುತ್ತೋಲೆಗಳಿಗಿಂತ ಹೆಚ್ಚು ಜನರನ್ನು ಉಳಿಸುತ್ತದೆ.

ಕೂಲಿಯವನು ಸತ್ತರೆ ಅವನು ನಮ್ಮವನಲ್ಲ, ಗುತ್ತಿಗೆದಾರನ ಕಡೆಯವನು ಎಂದು ಮೇಲಿನವರು ಕೈತೊಳೆದುಕೊಳ್ಳುವುದಕ್ಕೂ ಕಾನೂನು ಆಸ್ಪದ ಕೊಟ್ಟಿಲ್ಲ. 1923ರಲ್ಲೇ ಬಂದ, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಲಾಗಿರುವ ಕಾರ್ಮಿಕರ ಪರಿಹಾರ ಕಾಯ್ದೆಯ ಮೂಲ ತತ್ವವೇ ಇದು: ಕೆಲಸ ಯಾರಿಗಾಗಿ ನಡೆಯುತ್ತಿತ್ತೋ ಆ ಮೂಲ ಮಾಲೀಕರು ಮೊದಲು ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳಲಿ.

ಮನೆಯೊಳಗಿನ 230 ವೋಲ್ಟ್

ಒದ್ದೆ ಕೈ, ಬರಿಗಾಲು ಇದ್ದಾಗ ಮೈಯ ಪ್ರತಿರೋಧ ಸುಮಾರು 1,000 ಓಮ್‌ಗೆ ಇಳಿಯಬಹುದು. 230 ವೋಲ್ಟ್ ತಾಗಿದರೆ ಆಗ ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. 10 ಮಿಲಿಆಂಪಿಯರ್ ಸುತ್ತಮುತ್ತಲೇ ಸ್ನಾಯುಗಳು ಸೆಟೆದು, ಹಿಡಿದದ್ದನ್ನು ಬಿಡಲಾಗದೆ ಹೋಗುತ್ತದೆ. ಕರೆಂಟ್ ಎಳೆದುಕೊಂಡಿತು ಎಂದು ಜನ ಹೇಳುವುದು ಇದನ್ನೇ. 50 ದಾಟಿ ಕೆಲವು ಕ್ಷಣ ಹರಿದರೆ ಹೃದಯದ ಬಡಿತ ದಿಕ್ಕುತಪ್ಪುವ ಅಪಾಯ ಶುರುವಾಗುತ್ತದೆ.

ಬೋರ್ಡಿನಲ್ಲಿ 16 ಆಂಪಿಯರ್‌ನ ಎಂಸಿಬಿ ಇದೆಯಲ್ಲ, ಅದು ಕಾಯುವುದಿಲ್ಲವೇ? ಇಲ್ಲ. ಅದು ಬಿದ್ದುಹೋಗಲು 16 ಆಂಪಿಯರ್ ಮೀರಬೇಕು. ಮನುಷ್ಯನ ಮೈಯಲ್ಲಿ ಹರಿಯುವ 0.23 ಆಂಪಿಯರ್ ಅದಕ್ಕೆ ಗೊತ್ತೇ ಆಗದು. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೂ ಉಳಿದದ್ದು ಯಾರದೋ ಮೈಯಿಂದ ನೆಲಕ್ಕೆ ಹೋಗಿರಬಹುದು ಎಂದು ಕಣ್ಣುಮುಚ್ಚಿ ತೆಗೆಯುವುದರೊಳಗೆ ಸರಬರಾಜು ಕತ್ತರಿಸುತ್ತದೆ. ಇಂಥ ಭೂಸೋರಿಕೆ ರಕ್ಷಣೆಯನ್ನು ನಿಯಮಾವಳಿ ಹೇಳುತ್ತದೆ. ಬಹಳ ಸಣ್ಣ ಸಂಪರ್ಕಗಳಿಗೆ ವಿನಾಯಿತಿ ಇದೆ. ವಿನಾಯಿತಿ ಇದ್ದರೂ ಯಾವ ಮನೆಯೂ ಅದನ್ನು ಬಳಸಿಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೀಸರ್, ವಾಷಿಂಗ್ ಮಷೀನ್, ಗ್ರೈಂಡರ್ ಇರುವ ಮನೆಗೆ ಇದಿಲ್ಲದೆ ಗೃಹಪ್ರವೇಶ ಮಾಡಬಾರದು.

ಇದರ ಬಗ್ಗೆ ಎಲೆಕ್ಟ್ರಿಷಿಯನ್‌ಗಳಲ್ಲಿ ಒಂದು ಕೆಟ್ಟ ರೂಢಿ ಇದೆ. ‘ಸುಮ್ನೆ ಟ್ರಿಪ್ ಆಗ್ತಿದೆ, ತೆಗೆದ್ಹಾಕ್ತೀನಿ ಬಿಡಿ ಸರ್’ ಎಂದು ಆರ್‌ಸಿಸಿಬಿಯನ್ನು ಬೈಪಾಸ್ ಮಾಡುತ್ತಾರೆ. ಸುಮ್ಮನೆ ಟ್ರಿಪ್ ಆಗುವುದು ಅಪರೂಪ. ಎಲ್ಲೋ ಗೀಸರ್ ಕಾಯಿಲ್ ಸೋರುತ್ತಿರುತ್ತದೆ, ಎಲ್ಲೋ ನ್ಯೂಟ್ರಲ್ಲನ್ನೂ ಅರ್ಥನ್ನೂ ಬೋರ್ಡಿನೊಳಗೆ ಸೇರಿಸಿಬಿಟ್ಟಿರುತ್ತಾರೆ. ದೋಷ ಹುಡುಕುವ ಬದಲು ಎಚ್ಚರಿಸುವ ಸಾಧನವನ್ನೇ ಕಿತ್ತುಹಾಕುವವರನ್ನು ಮತ್ತೆ ಮನೆಗೆ ಕರೆಯಬೇಡಿ. ಆರ್‌ಸಿಸಿಬಿ ಮೇಲೆ ಟಿ ಎಂದು ಬರೆದ ಗುಂಡಿ ಇರುತ್ತದೆ, ಆಗಾಗ ಒತ್ತಿ ನೋಡಿ. ಒತ್ತಿದ ಕೂಡಲೇ ಬೀಳದಿದ್ದರೆ ಬದಲಾಯಿಸಿ. ಅಂಗಳದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯಿರಿ, ನೆಲ ಒಣಗಿದಷ್ಟೂ ಅದು ಕೆಲಸಕ್ಕೆ ಬಾರದಾಗುತ್ತದೆ.

ಬೀದಿಯ ಮೇಲೆ

2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ತೀರಿಕೊಂಡರು. ಕಬ್ಬಿಣದ ಚೌಕಟ್ಟು ಲೈನಿಗೆ ತಾಗಿತ್ತು. ಇಂಥ ಅಪಾಯ ಕಟ್ಟಡಗಳ ಬಳಿಯೂ ಇದೆ. ಕಟ್ಟಡದಿಂದ 11 ಕೆವಿ ಲೈನ್ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ದೂರವಿರಬೇಕು ಎನ್ನುತ್ತದೆ ನಿಯಮ. ಲೈನ್ ಇರುವ ಕಡೆ ಮನೆ ಎತ್ತರಿಸಲು, ಹೊಸದಾಗಿ ಕಟ್ಟಲು ಹೊರಟರೆ ಮಾಲೀಕರೂ ಅವರು ನೇಮಿಸಿದ ಗುತ್ತಿಗೆದಾರರೂ ಎಸ್ಕಾಂಗೆ ಮತ್ತು ವಿದ್ಯುತ್ ಪರಿವೀಕ್ಷಕರಿಗೆ ನಕ್ಷೆ ಸಮೇತ ಬರೆದು ತಿಳಿಸಬೇಕು. ಗುತ್ತಿಗೆದಾರರು ಎಂದರೆ ಇಲ್ಲಿ ಕಟ್ಟಡದ ಗುತ್ತಿಗೆದಾರರು. ಸಾರುವೆ ಕಟ್ಟುವಾಗ, ತಾರಸಿಯ ಮೇಲೆ ಕಬ್ಬಿಣದ ಸರಳು ತಿರುಗಿಸುವಾಗ ತಂತಿ ಮುಟ್ಟಿ ಸಾಯುವ ಗಾರೆ ಕೆಲಸದವರ ಹೊಣೆ ಅವರ ಮೇಲಿದೆ. ವಿದ್ಯುತ್ ನಮ್ಮ ಕೆಲಸವಲ್ಲ ಎಂಬ ಅವರ ಮಾತು ನಿಲ್ಲುವುದಿಲ್ಲ.

ಗಣೇಶನ ಹಬ್ಬ, ಜಾತ್ರೆ, ರಾಜ್ಯೋತ್ಸವದ ಆರ್ಕೆಸ್ಟ್ರಾ ನಡೆಸುವ ಸಮಿತಿಗಳಿಗೆ ಗೊತ್ತಿರಬೇಕಾದ ಇನ್ನೊಂದು ಅಂಶ ವಿದ್ಯುಚ್ಛಕ್ತಿ ಕಾಯ್ದೆಯ 54ನೇ ಪ್ರಕರಣದಲ್ಲಿದೆ. ಬೀದಿಯಲ್ಲಾಗಲಿ ನೂರು ಅಥವಾ ಅದಕ್ಕೂ ಹೆಚ್ಚು ಜನ ಸೇರುವ ಜಾಗದಲ್ಲಾಗಲಿ 250 ವಾಟ್ ಮತ್ತು 100 ವೋಲ್ಟ್ ಮೀರಿ ವಿದ್ಯುತ್ ಬಳಸುವುದಾದರೆ ವಿದ್ಯುತ್ ಪರಿವೀಕ್ಷಕರಿಗೂ ಜಿಲ್ಲಾಡಳಿತಕ್ಕೂ ಏಳು ದಿನ ಮೊದಲೇ ಲಿಖಿತ ಸೂಚನೆ ಕೊಡಬೇಕು. ಒಂದು ಪೆಂಡಾಲಿನ ಸೀರಿಯಲ್ ಸೆಟ್ಟೂ ಮೈಕೂ ಸೇರಿದರೆ ಈ ಮಿತಿ ಎಂದೋ ದಾಟಿರುತ್ತದೆ. ಪೊಲೀಸ್ ಪರವಾನಗಿಗೆ ಓಡಾಡುವ ಸಮಿತಿಯವರು ಅದೇ ಓಡಾಟದಲ್ಲಿ ಇದನ್ನೂ ಮುಗಿಸಬಹುದು. ಮಳೆಗಾಲದ ಹಬ್ಬದಲ್ಲಿ ಕಬ್ಬಿಣದ ಶೀಟಿನ ಪೆಂಡಾಲಿಗೆ ಟೇಪ್ ಸುತ್ತಿದ ವೈರ್ ಕಟ್ಟಿ ಮಕ್ಕಳನ್ನು ಕರೆಯುವುದು ಭಕ್ತಿಯಾಗುವುದಿಲ್ಲ.

ಅಪಘಾತವಾದ ಮೇಲೆ

ಮೊದಲು ಸ್ವಿಚ್ ಆಫ್. ಆಗದಿದ್ದರೆ ಒಣಮರದ ಕೋಲಿನಿಂದ ವೈರ್ ಬಿಡಿಸುವುದು ಮನೆಯ ಕರೆಂಟಿಗೆ ಮಾತ್ರ. 11 ಕೆವಿ ತಂತಿಯ ಹತ್ತಿರ ಹೋಗಲೇಕೂಡದು, ನೆಲದಲ್ಲೇ ಕರೆಂಟ್ ಇರುತ್ತದೆ. ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಲೇ ಇರಬೇಕು. ವಿದ್ಯುತ್ ಕೇಂದ್ರಗಳಲ್ಲಿ ಈ ಪ್ರಥಮ ಚಿಕಿತ್ಸೆಯ ವಿವರ ಸ್ಥಳೀಯ ಭಾಷೆಯಲ್ಲಿ ತೂಗುಹಾಕಿರಬೇಕು, ಅಲ್ಲಿಯ ನೇಮಿತ ಸಿಬ್ಬಂದಿಗೆ ಅದನ್ನು ಮಾಡಲು ಬರಬೇಕು ಎಂಬುದೂ ನಿಯಮವೇ. ಗೋಡೆಯ ಮೇಲಿನ ಚಾರ್ಟ್ ಹಳದಿಯಾಗಿರುತ್ತದೆ. ಅದರ ಮುಂದೆ ಕೂತವರಿಗೆ ಒಮ್ಮೆಯೂ ಎದೆ ಒತ್ತಿ ಅಭ್ಯಾಸವಿಲ್ಲ ಎಂಬುದನ್ನು ಸರಿಪಡಿಸಲು ಒಂದು ಬೊಂಬೆ, ಒಂದು ಮಧ್ಯಾಹ್ನ ಸಾಕು.

ಹೊಣೆ ಯಾರದೆಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ಉತ್ತರ ದೊಡ್ಡದು. ಮಧ್ಯಪ್ರದೇಶದಲ್ಲಿ ರಾತ್ರಿ ಕೆಲಸದಿಂದ ಸೈಕಲ್ ಮೇಲೆ ಮರಳುತ್ತಿದ್ದ ಕಾರ್ಮಿಕರೊಬ್ಬರು, ಮಳೆನೀರು ತುಂಬಿದ ರಸ್ತೆಯಲ್ಲಿ ಬಿದ್ದಿದ್ದ ತಂತಿ ತಾಗಿ ಸತ್ತಿದ್ದರು. ಯಾರೋ ಕರೆಂಟ್ ಕದಿಯಲು ಹಾಕಿದ ತಂತಿ ಅದು ಎಂದು ವಿದ್ಯುತ್ ಮಂಡಳಿ ವಾದಿಸಿತು. ಇಷ್ಟು ಅಪಾಯಕಾರಿಯಾದುದನ್ನು ನಿರ್ವಹಿಸುವವರು, ತಮ್ಮ ನಿರ್ಲಕ್ಷ್ಯ ಇರಲಿ ಇಲ್ಲದಿರಲಿ, ಹಾನಿಗೆ ಹೊಣೆ ಎಂದು ನ್ಯಾಯಾಲಯ ಹೇಳಿತು. 2023ರ ನವೆಂಬರಿನಲ್ಲಿ ಬೆಂಗಳೂರಿನ ಹೋಪ್‌ಫಾರ್ಮ್ ಬಳಿ ನಸುಕಿನಲ್ಲಿ ಫುಟ್‌ಪಾತ್ ಮೇಲಿನ ತಂತಿ ತುಳಿದು ತಾಯಿಯೂ ಒಂಬತ್ತು ತಿಂಗಳ ಕೂಸೂ ಸತ್ತಾಗ ಎಂಜಿನಿಯರುಗಳು ಅಮಾನತಾದರು, ಪೊಲೀಸ್ ಪ್ರಕರಣವಾಯಿತು. ನಿರ್ಲಕ್ಷ್ಯದಿಂದ ಸಾವು ತಂದದ್ದು ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಪ್ರಕರಣದಡಿ ಐದು ವರ್ಷದವರೆಗೆ ಸೆರೆವಾಸವಿದೆ.

ಶಿಕ್ಷೆಗಿಂತ ನನಗೆ ಮುಖ್ಯವಾಗಿ ಕಾಣುವುದು ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಪ್ರಕರಣ. ವಿದ್ಯುತ್‌ಗೆ ಸಂಬಂಧಿಸಿದ ಅಪಘಾತದಲ್ಲಿ ಮನುಷ್ಯರೋ ಪ್ರಾಣಿಯೋ ಸತ್ತರೆ, ಗಾಯಗೊಂಡರೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಲೇಬೇಕು. ಸಾವಾಗಿದ್ದರೆ ವಿಷಯ ಗೊತ್ತಾದ 24 ಗಂಟೆಯೊಳಗೆ ಮೊದಲ ಸುದ್ದಿ, ಯಾವುದೇ ಅಪಘಾತವಾದರೂ 48 ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ ಲಿಖಿತ ವರದಿ. ತಂತಿ ತುಳಿದು ಸತ್ತ ಎಮ್ಮೆಗೂ ಇದು ಅನ್ವಯಿಸುತ್ತದೆ. ಅಷ್ಟೇ ಅಲ್ಲ, ಸಾವೋ ಗಾಯವೋ ಆಗಬಹುದಾಗಿದ್ದ ಅಪಘಾತವನ್ನೂ ತಿಳಿಸಬೇಕೆಂದು ಪ್ರಕರಣದ ಮಾತುಗಳಲ್ಲೇ ಇದೆ. ಶಾಲೆ ಬಿಟ್ಟ ಅರ್ಧ ಗಂಟೆಗೆ ಶಾಲೆಯ ಮುಂದೆ ತಂತಿ ಹರಿದು ಬಿದ್ದರೆ, ಯಾರಿಗೂ ಏನೂ ಆಗಲಿಲ್ಲವೆಂದು ಜಂಪ್ ಕಟ್ಟಿ ಮರೆಯುವ ಹಾಗಿಲ್ಲ.

ಪರಿವೀಕ್ಷಕರು ತನಿಖೆ ಮಾಡುತ್ತಾರೆ, ಕಾರಣ ಬರೆಯುತ್ತಾರೆ, ಕಡತ ಮೇಲೆ ಹೋಗುತ್ತದೆ. ವಿಮಾನ ಅಪಘಾತಗಳ ತನಿಖಾ ವರದಿಗಳನ್ನು ನಮ್ಮ ದೇಶವೇ ಎಲ್ಲರೂ ಓದುವಂತೆ ಪ್ರಕಟಿಸುತ್ತದೆ, ಪೈಲಟ್‌ಗಳು ಅದರಿಂದ ಕಲಿಯುತ್ತಾರೆ. ವಿದ್ಯುತ್ ಪರಿವೀಕ್ಷಣಾಲಯದ ವರದಿಗಳಿಂದ ಸತ್ತವರ, ಕುಟುಂಬದವರ ಹೆಸರು ತೆಗೆದು, ಯಾವ ಹೆಜ್ಜೆ ತಪ್ಪಿತು ಎಂಬುದನ್ನು ಮಾತ್ರ ಉಳಿಸಿ, ಸರಳ ಕನ್ನಡದಲ್ಲಿ ತಿಂಗಳಿಗೊಮ್ಮೆ ಪ್ರಕಟಿಸಬೇಕು. ಎಸ್ಕಾಂನ ಪ್ರತಿ ಶಾಖಾ ಕಚೇರಿಗೆ, ಪ್ರತಿ ಲೈಸೆನ್ಸ್‌ದಾರ ಗುತ್ತಿಗೆದಾರರಿಗೆ, ಪ್ರತಿ ಐಟಿಐಗೆ ಅದು ಹೋಗಬೇಕು. ಲೈಸೆನ್ಸ್ ನವೀಕರಣಕ್ಕೆ ಬಂದ ಗುತ್ತಿಗೆದಾರರನ್ನು ಕೂರಿಸಿ, ಆ ವರ್ಷದ ವರದಿಗಳ ಮೇಲೆ ಪ್ರಶ್ನೆ ಕೇಳಿ ಉತ್ತರ ಬರೆಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ದೊಡ್ಡ ಹಣವೂ ಬೇಡ. ಇಂಧನ ಇಲಾಖೆಯ ಒಂದು ಆದೇಶ ಸಾಕು.